ಎಂಬತ್ತೈದನೇ ಪುಟ

ಮುಬೀನಾ,
ನೈಟ್ ಡ್ಯೂಟಿ ಅಂದ್ರ ನಿದ್ದಿ ಜೋಡಿ ಕುಸ್ತಿ,
ಒಂದು ಚಲೋ ಪುಸ್ತಕ ಇದ್ರ ಹೇಳ ಅಂದಿಯಲ್ಲ,
ಹೇಳೂದೇನು, ಕಳಿಸೇ ಬಿಟ್ಟೀನಿ.
ಆರೂವರಿ ವಿಜಾಪುರ ಗಾಡಿ,
ಕಂಡಕ್ಟರ್ ನಮ್ಮ ಕಾಕಾನ ದೋಸ್ತ.
ಸ್ಟ್ಯಾಂಡಿಗೆ ಬಂದು ಇಸ್ಕೋ.
ಕಟ್ಟಿದ್ದು ಖಣದ ಚೂರು, ಒಗಿಬ್ಯಾಡ,
ಅಂಚು ಅಷ್ಟ ಹರದೈತಿ, ನಡುವ ಗಟ್ಟಿ ಐತಿ.
ಹೊಳ್ಳಿ ಕಳಸು.

ಮೂರೂ ಕಟಗೇರಿ ಬಾಯಾರವು.
ಹೌದು, ಅವರ. ಕಮಲಾಕ್ಷಿ ಕಟಗೇರಿ.
ಹದಿನೈದು ಹದಿನಾರರ ಹುಡುಗ್ಯಾರ ಕತಿ,
ನಮಗೀಗ ಇಪ್ಪತ್ತೆರಡು.
ಅದಕ್ಕೇನಾತು?
ಸಣ್ಣ ಹುಡುಗರಿಗೆ ಹಾಕೂ ಸಿರಪ್ಪು
ಒಂದ ಹನಿ ನೀನೂ ನೆಕ್ಕಿರತಿ, ನನಗ ಗೊತ್ತಿಲ್ಲೇನು.

ಮೊದಲ ತೆಳ್ಳಂದು ಹಿಡಿ,
‘ಕೀಲಿ ಇಲ್ಲದ ಸೈಕಲ್ಲು’.
ಬ್ಯಾಸಿಗಿಗೆ ಹಿನ್ನೀರು ಇಳದಾಗ
ಮುಳುಗಿದ್ದ ಸಾಲಿ ಗ್ವಾಡಿ ಮ್ಯಾಲ ಬರತಾವ,
ಅವ್ವ ಕುಂತು ಓದಿದ ಕ್ವಾಣಿ ಹುಡುಕಾಕ
ಅಣ್ಣನ ಸೈಕಲ್ ಕದ್ದು ಹೊಂಟಾಕಿ ಒಬ್ಬಾಕಿ.
ಕ್ವಾಣಿ ಸಿಗೂದಿಲ್ಲ.
ಸಿಗಲಿಲ್ಲಂತ ಆಕಿ ಅಳೂದೂ ಇಲ್ಲ,
ಗಾಲಿಗೆ ಹತ್ತಿದ ರಾಡಿ ತೊಳಕೊಂಡು ಮನಿಗೆ ಬರತಾಳ.
ಅಷ್ಟ ಕತಿ.
ಅಷ್ಟಕ್ಕ ನಾ ಎರಡು ದಿನ ಉಣಲಿಲ್ಲ.
ಸುಳ್ಳು, ಉಂಡೆ. ರೊಟ್ಟಿ ಪುಂಡಿಪಲ್ಲೆ ಎಲ್ಲಾ ಉಂಡೆ.
ರುಚಿ ಹತ್ತಲಿಲ್ಲ.

ದಪ್ಪಂದರಾಗ ಮೊದಲ ಮೂವತ್ತು ಪುಟ ಜಿಗಿ.
ಬಾಯಾರಿಗೂ ಅಲ್ಲಿ ಬ್ಯಾಸರ ಆಗೇತಿ, ಗೊತ್ತಾಗತೈತಿ.
ಆಮ್ಯಾಲ ಮಾವಶಿ ಒಬ್ಬಾಕಿ ಬಂದು ಬಾಯಿ ತೆಗದ್ಲಂದ್ರ
ವಾರ್ಡಿನಾಗ ನಕ್ಕು ಬೈಸ್ಕೋತಿ, ಹುಷಾರು.

ನನಗ್ಯಾಕ ಇವರು ಸೇರತಾರ ಅಂದ್ರ
ಬುದ್ಧಿ ಹೇಳೂದಿಲ್ಲ.
ಹುಡುಗಿ ತಪ್ಪು ಮಾಡಿದ್ಲು ಅಂತ ಬರದು
ಚಾ ಕುಡ್ಯಾಕ ಎದ್ದು ಹೋದಂಗ,
ನಾವೂ ಆಕಿನೂ ಅಷ್ಟ ಉಳೀತೀವಿ ಖೋಲ್ಯಾಗ.

ಮೂರನೇದು ‘ಹದಿನಾಲ್ಕನೇ ಬೆಂಚು’.
ಗೊತ್ತು.
ಹೆಸರು ಕೇಳಿದ್ರ ನಿನಗ ಸಿಟ್ಟು.
ಇಲ್ಲೇ ಗುಳೇದಗುಡ್ಡದ ಲೈಬ್ರರಿಯಾಗ
ಅಡಿವೆಪ್ಪನವರು ಪುಟ ಎಣಿಸಿ,
ಕನ್ನಡಕ ತೆಗದು ಒರಸಿ, ಮತ್ತ ಎಣಿಸಿ,
ನಿನ್ನ ಕಾರ್ಡಿನ ಮ್ಯಾಲ ಕೆಂಪು ಗೀಟು ಎಳದ್ರು.
ನಿನ್ನ ಕಾರ್ಡಿನ ಮ್ಯಾಲ ತಂದದ್ದು,
ಎರಡು ರಾತ್ರಿ ನನ್ನ ಕಡೆ ಇತ್ತು.
‘ನಾ ಹರದಿಲ್ರೀ’ ಅಂದಿ ನೀ.
ಒಂದ ಸಲ ಅಂದಿ.
ನಾ ನಿನ್ನ ಬೆನ್ನ ಹಿಂದನ ನಿಂತಿದ್ದೆ,
ಯಾವುದೋ ವಾರಪತ್ರಿಕೆ ಮಗಚಿಕೋತ.
ಆಮ್ಯಾಲ ನೀ ಆ ಮೆಟ್ಟಲ ಹತ್ತಲಿಲ್ಲ,
ಓದೂದು ನನಗ ಒಗ್ಗೂದಿಲ್ಲ ಬಿಡ ಅಂದಿ,
ನಾ ಹೂಂ ಅಂದೆ.

ಈ ಪ್ರತಿ ಬಾಗಲಕೋಟಿ ಹಳೆ ಪುಸ್ತಕದ ಗಾಡಿದು,
ನಲವತ್ತು ರೂಪಾಯಿ.
ಪುಟ ಎಲ್ಲಾ ಅದಾವ, ಎಣಿಸೀನಿ,
ಅಡಿವೆಪ್ಪನವರಂಗ ಎರಡು ಸಲ.
ಇದರಾಗ ಒಬ್ಬಾಕಿ ಬರತಾಳ,
ಗೆಳತಿಗೆ ಏಟು ಬೀಳೂದ ನೋಡಕೋತ
ಬಾಯಿ ಹೊಲದಂಗ ನಿಂತಾಕಿ.
ಆಕಿ ಬಂದಾಗ ಪುಸ್ತಕ ಮುಚ್ಚಬ್ಯಾಡ.
ಬೇಕಂದ್ರ ಎದ್ದು ಒಂದು ರೌಂಡ್ ಹೊಡಿ,
ಆರನೇ ಬೆಡ್ಡಿನ ಸಲೈನ್ ನೋಡಿ ಬಾ,
ಮತ್ತ ಕುಂದ್ರು.

ಇನ್ನೊಂದು ಮಾತು.
ಎಂಬತ್ತೈದು ಎಂಬತ್ತಾರನೇ ಪುಟ
ಎರಡು ಸಲ ಬರತಾವ.
ಪ್ರೆಸ್ಸಿನವರ ತಪ್ಪಲ್ಲ.
ಒಂದು ಹಾಳಿ ಈ ಪುಸ್ತಕದ್ದ.
ಇನ್ನೊಂದು ಹಳದಿ ಆಗೇತಿ, ನಾಕು ಮಡಿಕಿ,
ಅಂಚಿನಾಗ ಲೈಬ್ರರಿ ಠಸ್ಸಿ ಅರ್ಧ.
ಏಳು ವರ್ಷ ಅಪ್ಪನ ಖಣದ ಗಂಟಿನ ತಳದಾಗ ಇತ್ತು,
ಗಂಟು ಬಿಚ್ಚಿದಾಗೊಮ್ಮೆ ಕೈಗೆ ಹತ್ತೂದು.
ಒಂದು ಸಾಲಿನ ಕೆಳಗ ಪೆನ್ಸಿಲ್ ಗೀಟು ಐತಿ.
ಆ ಸಾಲು ಬಿಟ್ಟುಕೊಡಾಕ ಮನಸ್ಸಾಗಲಿಲ್ಲ.
ಅಷ್ಟ.
ಈಗ ಓದಿದ್ರ ಅಂಥಾದ್ದೇನೂ ಇಲ್ಲ ಅದರಾಗ.

ಪುಸ್ತಕ ನೀನ ಇಟ್ಕೋ.
ಖಣದಾಗ ಏನರ ಕಟ್ಟಿ ಕಳಸತಿ ಅಂದ್ರ ಕಳಸು.
ಬರೇ ಖಣ ಬಂದ್ರೂ
ನನಗ ತಿಳೀತೈತಿ.