ಬೀಗದ ಅಳತೆ

ಲೈಪ್‌ಜಿಗ್‌ನ ಅಂಗಡಿ. ಗಾಜಿನ ಮೇಲೆ
ಗಂಡಸಿನ ಬೀಗಗಳನ್ನು ಹರವಿದಳು ಅಂಗಡಿಯಾಕೆ,
ಬಳೆಗಾರ್ತಿಯ ಹಾಗೆ, ಸಲೀಸಾಗಿ.
"ಉಕ್ಕೋ, ಪ್ಲಾಸ್ಟಿಕ್ಕೋ? ಸೈಕಲ್ ತುಳಿಯುತ್ತೀರಾ?"

ಫೋಲ್ಕ್‌ಮಾರ್, ಟ್ರಾಮ್ ಓಡಿಸುವವ, ಐವತ್ತೆರಡು.
ಆಸೆ ಅವನದೇ; ಕಿವಿ ಕೆಂಪಾದದ್ದೂ ಅವನದೇ.
"ದೊಡ್ಡದನ್ನೇ ಕೊಡಿ."
"ಜಂಬ ಬೇಡ," ಅನ್ನೆಗ್ರೆಟ್ ಕನ್ನಡಕ ಏರಿಸಿದಳು,
"ಜಾರಿದರೂ ಕಷ್ಟ, ಜೋಮು ಹಿಡಿದರೂ."
ಒಂದೊಂದರ ಅಂಚು ಸವರಿ
ಬೆರಳು ತರಚಿದ್ದನ್ನು ಪಕ್ಕಕ್ಕಿಟ್ಟಳು.

ಕೀಲಿ ಎರಡು.
ಒಂದು ಅವಳ ಗುಂಡಿಡಬ್ಬಿಗೆ.
ಇನ್ನೊಂದು ಲಕೋಟೆಯಲ್ಲಿ, ಅಂಟಿಸಿ, ಅವನ ಜೇಬಿಗೇ:
"ಸಾಕೆನಿಸಿದ ಗಳಿಗೆ ಹರಿ. ಕೇಳಬೇಕಿಲ್ಲ."

ಮನೆಗೆ ಹೊರಟ ಟ್ರಾಮಿನಲ್ಲಿ
ಹೊಸ ಹುಡುಗ ಟಿಕೆಟ್ ಕೇಳಿದ.
ಇಪ್ಪತ್ತು ವರ್ಷದ ಚಾಲಕ, ತಡವರಿಸಿ,
ಲಕೋಟೆ ಚಾಚಿದ.
ಅವಳು ಕಿಟಕಿಯತ್ತ ತಿರುಗಿದಳು,
ಭುಜ ಕುಲುಕುತ್ತಿತ್ತು.