ಎಡಗಿವಿಯ ಪಾಲು

ಸವೋನಾದ ಬಂದರಿನ ಹಿಂದೆ, ಹಡಗಿನ ಹಗ್ಗ ಮಾರುವ ಅಂಗಡಿಯ ಅಟ್ಟ.
ನವೆಂಬರಿನ ಎರಡನೆಯ ಗುರುವಾರ.
ಎರ್ಮಾನ್ನೊ ಕೈ ತೊಳೆದು, ಒರೆಸಿ, ಮತ್ತೊಮ್ಮೆ ಒರೆಸಿ
ತಟ್ಟೆಯನ್ನು ಅಂಚಿನಲ್ಲೇ ಹಿಡಿದೆತ್ತುತ್ತಾನೆ
ಎಣ್ಣೆನೀರಿನ ಕೂಸನ್ನು ಎತ್ತಿದ ಹಾಗೆ.

ಎಪ್ಪತ್ಮೂರರ ತಟ್ಟೆ. ಹೆಸರು ‘ಉಪ್ಪಿನ ಗಡಿಯಾರ’.
ಹೊದಿಕೆಯ ಮೇಲೊಂದು ಸಿಂಹ, ಬಾಲವಿರಬೇಕಾದಲ್ಲಿ ಬೀಗದ ಕೈ.
ಯಾಕೆ ಅಂತ ಯಾರಿಗೂ ಗೊತ್ತಿಲ್ಲ;
ಗೊತ್ತು ಎಂದವರನ್ನು ನಾವು ಮತ್ತೆ ಕರೆದಿಲ್ಲ.

ಆರು ಜನ, ಐದು ಕುರ್ಚಿ.
ಹಗ್ಗದಂಗಡಿ ನನ್ನದು, ಹಾಗಾಗಿ ಕಿಟಕಿಯ ಕಟ್ಟೆಯೂ ನನ್ನದೇ.

ಎರಡನೆಯ ಮಗ್ಗುಲು ಪೂರ್ತಿ ಒಂದೇ ಹಾಡು, ಇಪ್ಪತ್ಮೂರು ನಿಮಿಷ.
‘ಹಾಡಲ್ಲ, ಕಟ್ಟಡ’ ಅನ್ನುತ್ತಾನೆ ಎರ್ಮಾನ್ನೊ,
ಮೂವತ್ತೊಂದು ವರ್ಷ ಕ್ರೇನಿನಲ್ಲಿ ಕೂತವನು.
‘ಕಟ್ಟಡವೇ ಸರಿ, ಮೆಟ್ಟಿಲು ಮರೆತದ್ದು’ ಅನ್ನುತ್ತಾಳೆ ಫುಲ್ವಿಯಾ.
ಲ್ಯಾಟಿನ್ ಕಲಿಸಿ ನಿವೃತ್ತಳು; ಸಾಹಿತ್ಯದ ವ್ಯಾಕರಣಕ್ಕೆ
ಇವತ್ತಿಗೂ ಮನಸ್ಸಿನಲ್ಲೇ ಕೆಂಪು ಶಾಯಿ ಎಳೆಯುತ್ತಾಳೆ.
ಕೊಳಲು ಶುರುವಾದರೆ ಸಾಕು, ಕಾಫಿ ಕಾಸಲು ಎದ್ದುಹೋಗುತ್ತಾಳೆ.
ಕೊಳಲು ಮುಗಿಯುವುದಕ್ಕೂ ಕಾಫಿ ಉಕ್ಕುವುದಕ್ಕೂ ಸರಿಹೋಗುತ್ತದೆ:
ಅಷ್ಟು ಬಾಯಿಪಾಠ ಅವಳಿಗೆ, ತಾನೊಲ್ಲದ ಕೊಳಲು.

ಒರೆಸ್ತೆಗೆ ಒಂಬತ್ತನೆಯ ನಿಮಿಷವೇ ದೇವರು.
ತಾಳ ಏಳಕ್ಕೆ ಮುರಿದು, ಹದಿಮೂರಕ್ಕೆ ಹಾರಿ,
ನಾಲ್ಕಕ್ಕೆ ಬಂದು ಬೀಳುವ ಜಾಗ.
ಮೊಣಕಾಲ ಮೇಲೆ ಬೆರಳಿಟ್ಟು ಎಣಿಸುತ್ತಾನೆ.
ಪ್ರತಿ ವರ್ಷವೂ ಒಂದು ಏಟು ಕಮ್ಮಿ.
ತಪ್ಪು ಡ್ರಮ್ಮಿನವನದು, ಬೆರಳಿನದಲ್ಲ.

ಅವನ ಸೋದರಳಿಯ ಇವಾನೊ ಬಂದದ್ದು ಇದೇ ಮೊದಲು.
‘ಚೆನ್ನಾಗಿದೆ. ಆದರೆ ಯಾವಾಗ ಶುರುವಾಗುತ್ತೆ?’
ಆಗ ಹದಿನಾಲ್ಕು ನಿಮಿಷ ಕಳೆದಿತ್ತು.

ಎತ್ತು ಏರಿಗೆಳೆದರೆ ಕೋಣ ನೀರಿಗೆ;
ಗಾಡಿ ಐವತ್ತು ವರ್ಷದಿಂದ ಅಲ್ಲೇ ನಿಂತಿದೆ,
ಸಂತೋಷವಾಗಿಯೇ ನಿಂತಿದೆ.

ಒರ್ನೆಲ್ಲಾ ಮಾತ್ರ ಬರುತ್ತಾಳೆ, ಕಡಲೆಹಿಟ್ಟಿನ ಫರಿನಾತಾ ತರುತ್ತಾಳೆ,
ಕತ್ತರಿಸಿ ಹಂಚಿ ಸುಮ್ಮನೆ ಕೂರುತ್ತಾಳೆ.
ಹೊಸಬನಿಗೆ ಹೊಳೆಯಿತು, ನಮಗೆ ಹೊಳೆಯದ್ದು: ‘ನಿಮಗೇನಿಷ್ಟ?’

‘ಆ ಹೆಂಗಸಿನ ಉಸಿರು.’

ಯಾವ ಹೆಂಗಸು? ಹೊದಿಕೆಯ ಹಿಂದೆ ಐದು ಹೆಸರು, ಐದೂ ಗಡ್ಡ.
ಎರ್ಮಾನ್ನೊ ಮೆಲ್ಲಗೆ: ‘ಆರ್ಗನ್ ಮುಗಿಲಿಗೇರುತ್ತಲ್ಲ, ಅಲ್ಲೇ?’
‘ನನ್ನ ತಟ್ಟೆಯಲ್ಲಿ ಆರ್ಗನ್ ಇಲ್ಲ.’

ಆಮೇಲೆ ತಿಳಿಯಿತು.
ಏಳನೆಯ ವಯಸ್ಸಿನ ಜ್ವರಕ್ಕೆ ಹೋದ ಬಲಗಿವಿ.
ಹದಿನೇಳರಲ್ಲಿ ಕೊಂಡ ತಟ್ಟೆ, ಪಕ್ಕದ ಮಂಚದಲ್ಲಿ ಮಲಗಿದ ಅಕ್ಕ,
ಹಾಗಾಗಿ ಹೆಡ್‌ಫೋನು; ಹಾಗಾಗಿ ಎಂದೆಂದೂ ಎಡಗಡೆಯಷ್ಟೇ.
‘ನೀವು ಹಾಕುವುದು ಬೇರೆಯದು. ಗದ್ದಲ ಜಾಸ್ತಿ.
ನಾನು ಬರುವುದು ನಿಮಗಾಗಿ.’

ಎರ್ಮಾನ್ನೊ ಎದ್ದ. ಗುಂಡಿಯನ್ನು ಎಡಕ್ಕೆ, ಪೂರ್ತಿ ಎಡಕ್ಕೆ ತಿರುಗಿಸಿದ.

ಅರ್ಧ ಬೆಟ್ಟ ಕುಸಿದುಹೋಯಿತು.
ಉಳಿದದ್ದು, ಒದ್ದೆ ಬೂಟಿನಲ್ಲಿ ಮಹಡಿ ಮೇಲೆ ಯಾರೋ
ನಡೆದಾಡಿದಂಥ ಬೇಸ್. ಒಂದು ಕುರ್ಚಿಯ ಕಿರುಗು.
ಕೊಳಲು. ಕೊಳಲಿನ ಸ್ವರಕ್ಕೂ ಸ್ವರಕ್ಕೂ ನಡುವೆ
ಗಡ್ಡದವನೊಬ್ಬ ಸರಕ್ಕನೆ ಎಳೆದುಕೊಂಡ ಗಾಳಿ,
ಮುಳುಗಿ ಎದ್ದವರು ಎಳೆದುಕೊಳ್ಳುವಂತೆ.

‘ಗಂಡಸೋ?’ ಒರ್ನೆಲ್ಲಾ ತಲೆ ಕೊಂಕಿಸಿದಳು.
‘ಇರಲಿ. ಇಷ್ಟು ವರ್ಷ ಹೆಂಗಸಾಗಿದ್ದನಲ್ಲ.’

ಫುಲ್ವಿಯಾ ಕಾಫಿಗೆ ಏಳಲಿಲ್ಲ.
ಒರೆಸ್ತೆಗೆ ಆಗಲೂ ಒಂದು ಏಟು ಕಮ್ಮಿಯೇ ಬಿತ್ತು.
ಹುಡುಗ ಫರಿನಾತಾದ ಕೊನೆಯ ತುಂಡು ತಿಂದ.
‘ಇದು ನ್ಯಾಯವಲ್ಲ, ಅರ್ಧ ಕಟ್ಟಡ’ ಎಂದು ಗೊಣಗುತ್ತ
ಎರ್ಮಾನ್ನೊ ಗುಂಡಿಯನ್ನು ನಡುವಿಗೆ ತಂದ. ಮತ್ತೆ ಜಗಳ.

ಎಲ್ಲರೂ ಹೋದ ಮೇಲೆ ನಾನೊಬ್ಬನೇ
ಅದನ್ನು ಬಲಕ್ಕೆ ತಿರುಗಿಸಿ ಕೇಳಿದೆ,
ಅವಳ ಪಾಲು ತೆಗೆದರೆ ನಮಗೆ ಉಳಿಯುವುದೇನು ಅಂತ.

ಆರ್ಗನ್. ದೊಡ್ಡದು, ಚಂದದ್ದು, ಸುಳ್ಳೇಕೆ.
ಏರುತ್ತದೆ, ಏರುತ್ತದೆ.
ಎಲ್ಲಿಯೂ ಉಸಿರು ತೆಗೆದುಕೊಳ್ಳುವುದಿಲ್ಲ.