ಏಳನೆಯ ತೆರೆ

ಬೈತಖೋಲದ ಐಸ್ ಕಾರ್ಖಾನೆಯ ಮೇಲಿನ ಕೋಣೆ.
ತೆರೆಯ ಮೇಲೆ ತೆರೆ ಬರೆದಿದ್ದೆ:
ಮೊದಲಿಗೆ ನಾಲ್ಕು ವೈರಿ, ಆಮೇಲೆ ಎಂಟು, ಹದಿನಾರು,
ಮಗ್ಗಿಯಷ್ಟೇ ಸುಲಭ, ಮಗ್ಗಿಯಷ್ಟೇ ನಿರ್ದಯ.

ಪಾಳಿ ಮುಗಿಸಿ ಬಂದ ರೋಹಿದಾಸ ತಾಂಡೇಲ
ಮರಗಟ್ಟಿದ ಬೆರಳಲ್ಲಿ ಗುಂಡಿ ಒತ್ತುತ್ತಾನೆ.
ಏಳನೆಯದರಲ್ಲಿ ಸಾಯುತ್ತಾನೆ.
ಮತ್ತೆ ಏಳನೆಯದರಲ್ಲೇ.
"ನಿನ್ನ ಸಮುದ್ರಕ್ಕೆ ಉಸಿರೇ ಇಲ್ಲವಲ್ಲೇ!
ಮೂರು ದೊಡ್ಡವು ಬಂದ ಮೇಲೆ ಒಂದು ಸಪ್ಪೆ ಬರಬೇಕು,
ದೋಣಿ ತಳ್ಳುವುದು ಆಗ."

ರಾತ್ರಿ ಕೂತು ತಿದ್ದಿದೆ.
ಪ್ರತಿ ಮೂರರ ನಂತರ ಹನ್ನೊಂದು ಸೆಕೆಂಡು ಬರಿ ನೀರು.
ಇನ್ನೊಂದು ಸಾಲನ್ನೂ ಸೇರಿಸಿದೆ, ಅವನಿಗೆ ಹೇಳದೆ:
ಎರಡು ಸಲ ಸತ್ತವನ ಎದುರು
ವೈರಿಗಳ ಕಣ್ಣು ತುಸು ಮಂಜಾಗಲಿ.

ಮರುದಿನ ಒಂಬತ್ತು ದಾಟಿದ.
ಕೇಕೆ ಹಾಕಲಿಲ್ಲ.
ಗುಂಡಿಯ ಮೇಲೆ ಬೆರಳು ಹಾಗೇ ಇಟ್ಟು ಕೇಳಿದ:
"ಅದಕ್ಕೆ ಗುರಿ ತಪ್ಪಿತೋ,
ನೀನು ತಪ್ಪಿಸಿದೆಯೋ?"

ಕೆಳಗೆ ಐಸು ಪುಡಿಯಾಗುವ ಸದ್ದು.
ಎಷ್ಟೋ ಹೊತ್ತು ಅದೊಂದೇ.

ಆ ಸಾಲು ಅಳಿಸಿದೆ.
ಹನ್ನೊಂದು ಸೆಕೆಂಡು ಇರಲಿ, ಅದು ಅವನದೇ.

ಈಗ ಮತ್ತೆ ಏಳರಲ್ಲಿ ಸಾಯುತ್ತಿದ್ದಾನೆ,
ಕೊಂಕಣಿಯಲ್ಲಿ ನನ್ನ ಮೂರು ತಲೆಮಾರು ಬಯ್ಯುತ್ತ,
ಖುಷಿಯಿಂದ.